ನೀರಿಲ್ಲ ಅಂದ ಮನೆ

ಎರಡನೇ ಮಹಡಿಯ ಮನೆಗೆ ನೀರು ಬರುವುದಿಲ್ಲ ಎಂದು ಕಡ್ಡಿಯ ಅಪ್ಪ ಮನೆ ನೋಡಲು ಬಂದ ಹೆಂಗಸಿಗೆ ಹೇಳಿದರು. ನೀರು ಬರುತ್ತಿತ್ತು. ಟೆರೇಸಿನಲ್ಲಿ ಟ್ಯಾಂಕಿನ ಹಿಂದಿದ್ದ ವಾಲ್ವನ್ನು ಕಡ್ಡಿ ಆಗಷ್ಟೇ ತಿರುಗಿಸಿ ಮುಚ್ಚಿದ್ದಳು.

ಅಡುಗೆಮನೆಯ ನಲ್ಲಿ ಒಮ್ಮೆ ಕೆಮ್ಮಿತು. ಒಂದು ಗುಟುಕು ನೀರು ಉಗುಳಿತು. ಆಮೇಲೆ ಸುಮ್ಮನಾಯಿತು.

"ನೋಡಿದ್ರಲ್ಲಮ್ಮ," ಎಂದು ಅಪ್ಪ ತಲೆ ಕೆರೆದುಕೊಂಡರು. "ನಾನು ಮುಚ್ಚಿಟ್ಟು ಮನೆ ಕೊಡಿಸೋನಲ್ಲ. ಈ ಮನೇಲಿ ನೀರಿಂದೇ ತೊಂದರೆ. ಆಮೇಲೆ ನೀವು ನನ್ನ ಬೈಕೋಬಾರದು ನೋಡಿ."

ಆ ಹೆಂಗಸು ನಲ್ಲಿಯ ಕೆಳಗೆ ಅಂಗೈ ಹಿಡಿದು ನಿಂತೇ ಇದ್ದರು. ಅವರು ಹಿಂದಿನ ರಸ್ತೆಯ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಹಾಗೇ ಬಂದಿದ್ದರು. ಆಸ್ಪತ್ರೆಯ ಬ್ಯಾಡ್ಜ್ ಇನ್ನೂ ಎದೆಯ ಮೇಲಿತ್ತು.

ಯಾವಾಗಲೂ ಮನೆ ನೋಡಲು ಬಂದವರು ಹೋಗುವ ತನಕ ಕಡ್ಡಿ ಟೆರೇಸಿನಲ್ಲೇ ಇರುತ್ತಿದ್ದಳು. ಇವತ್ತು ಬಿಸಿಲಿಗೆ ಸಿಮೆಂಟು ಕಾದು ಅಂಗಾಲು ಸುಡುತ್ತಿತ್ತು. ಹಾಗಾಗಿ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಅವಳು ಕಡ್ಡಿ. ಎರಡು ಟ್ಯಾಂಕುಗಳ ನಡುವಿನ ಸಂದಿಯಲ್ಲಿ ನುಸುಳಿ ವಾಲ್ವ್ ಮುಟ್ಟಲು ಅಂಥ ಮೈಯೇ ಬೇಕಿತ್ತು. ಅಪ್ಪನ ಹೊಟ್ಟೆ ಅಲ್ಲಿ ಹಿಡಿಸುತ್ತಿರಲಿಲ್ಲ.

ಹಾಲ್‌ನಲ್ಲಿ ನರ್ಸಿನ ಮಗಳು ಬರೀ ನೆಲದ ಮೇಲೆ ಅಂಗಾತ ಮಲಗಿದ್ದಳು. ಕಿಟಕಿಯ ಪಕ್ಕದಲ್ಲಿ ಹಾಸಿಗೆ ಹಿಡಿಸುತ್ತದೆಯೇ ಎಂದು ಕೈ ಚಾಚಿ ಅಳೆದಳು. ಮಲಗಿದಲ್ಲಿಂದಲೇ ಹೊರಗೆ ಬೆರಳು ತೋರಿಸಿ ಏನೋ ಹೇಳಿದಳು. ಅದು ಅವರ ಭಾಷೆ. ಕಡ್ಡಿಗೆ ತಿಳಿಯಲಿಲ್ಲ. ಆದರೆ ಬೆರಳು ತೋರಿಸಿದ ಕಡೆ ಆಸ್ಪತ್ರೆಯ ಕಿಟಕಿಗಳು ಕಾಣುತ್ತಿದ್ದವು.

ನರ್ಸ್ ಅಂಗೈ ಒರೆಸಿಕೊಂಡರು. "ಉಪಕಾರವಾಯಿತು ಅಣ್ಣ," ಎಂದರು. ಕಡ್ಡಿಯ ಭಾಷೆಯನ್ನು ಅವರು ಒಂದೊಂದೇ ಪದ ನೋಡಿ ನೋಡಿ ಇಟ್ಟಂತೆ ಮಾತಾಡುತ್ತಿದ್ದರು. "ಯೋಚನೆ ಮಾಡಿ ಫೋನ್ ಮಾಡುತ್ತೇನೆ."

ತಾಯಿ ಮಗಳು ಮೆಟ್ಟಿಲಿಳಿದು ಹೋದರು.

"ನೋಡು," ಎಂದರು ಅಪ್ಪ. "ಯಾರಿಗಾದ್ರೂ ಬೇಜಾರಾಯ್ತಾ? ಇಲ್ಲ. ಬೇರೆ ಬ್ರೋಕರ್‌ಗಳು ಮುಖದ ಮೇಲೆ ಹೊಡೆದ ಹಾಗೆ 'ನಿಮಗೆ ಕೊಡಲ್ಲ' ಅಂತಾರೆ. ನಾನು ಯಾವತ್ತೂ ಹಾಗೆ ಅಂದಿಲ್ಲ. ಅವರೇ ಬೇಡ ಅಂದ್ಕೊಂಡು ಹೋಗಬೇಕು. ಅದು ಕೆಲಸ ಅಂದ್ರೆ."

"ಅವರು ಏನು ಮಾಡಿದ್ರು ಅಪ್ಪ?"

"ಏನೂ ಮಾಡಿಲ್ಲ."

"ಮತ್ತೆ?"

"ಓನರ್ ಟೀಚರಮ್ಮಂಗೆ ಆ ಜನ ಬೇಡ. ಮನೆ ಅವರದು." ಅಪ್ಪ ಕಿಟಕಿ ಮುಚ್ಚಿ ಚಿಲಕ ಹಾಕಿದರು. "ಓಡು, ವಾಲ್ವ್ ತೆಗೆದು ಬಾ. ಸಾಯಂಕಾಲ ಇನ್ನೊಂದು ಪಾರ್ಟಿ ಬರುತ್ತೆ."

"ಅವರಿಗೆ ನೀರು ಬರುತ್ತಾ?"

"ಬರುತ್ತೆ. ಅವರು ನಮ್ಮವರು."

ಸಾಯಂಕಾಲ ಬಂದವರಿಗೆ ನೀರು ಬಂತು. ಧೋ ಎಂದು ಬಂತು. ಅವರು ಅಡುಗೆಮನೆ ಚಿಕ್ಕದು, ಫ್ರಿಜ್ ಇಡಲು ಜಾಗವಿಲ್ಲ ಎಂದು ಮೂಗು ಮುರಿದು ಹೊರಟುಹೋದರು.

ಮಾರನೆಯ ದಿನ ಶಾಲೆಯಲ್ಲಿ ಆಟದ ಪೀರಿಯಡ್ ನಡೆಯುತ್ತಿತ್ತು. ಕಾಂಪೌಂಡ್ ಗೋಡೆಯ ಬಳಿ ಒಂದು ಗುಂಪು ಸೇರಿತ್ತು. ಕಡ್ಡಿ ಸಂದಿಯಲ್ಲಿ ತಲೆ ತೂರಿಸಿ ನೋಡಿದಳು. ನಡುವೆ ನಿಂತಿದ್ದವಳು ಆ ನರ್ಸಿನ ಮಗಳು. ಬಿ ಸೆಕ್ಷನ್ನಿಗೆ ಹೊಸದಾಗಿ ಸೇರಿದ್ದಳಂತೆ. ಅವಳ ಕೂದಲು ಗುಂಗುರು ಗುಂಗುರಾಗಿ ತಲೆಯ ಸುತ್ತ ನಿಂತಿತ್ತು. ಹುಡುಗರು ಒಂದೊಂದು ಎಳೆಯನ್ನು ಹಿಡಿದು ಜಗ್ಗಿ ಬಿಡುತ್ತಿದ್ದರು. ಅದು ಪುಟಕ್ಕನೆ ಮೇಲೆ ಹೋಗುತ್ತಿತ್ತು. ಆಗಲೇ ಅವಳಿಗೆ ಸ್ಪ್ರಿಂಗ್ ಎಂದು ಹೆಸರಿಟ್ಟಾಗಿತ್ತು.

"ಒಬ್ಬರಿಗೆ ಒಂದೇ ಸಲ," ಎನ್ನುತ್ತಿದ್ದಳು ಸ್ಪ್ರಿಂಗ್. "ಎಳೆದವರು ಆ ಕಡೆ ಹೋಗಿ. ನೀನು ಆಗಲೇ ಎಳೆದೆ. ನಾನು ನೋಡಿದೀನಿ."

ಬಸ್ಸಿನ ಕಂಡಕ್ಟರ್ ಹಾಗೆ ಸಾಲು ಮಾಡಿಸುತ್ತಿದ್ದಳು. ಅವಳು ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಕಡ್ಡಿಯನ್ನು ಕಂಡ ಕೂಡಲೇ ಸಾಲನ್ನು ಅಲ್ಲೇ ಬಿಟ್ಟು ಹತ್ತಿರ ಬಂದಳು.

"ನೀನು ಮನೆ ತೋರಿಸೋ ಅಂಕಲ್ ಮಗಳಲ್ವಾ?"

"ಹೂಂ."

"ನಿಮ್ಮಪ್ಪ ತುಂಬಾ ಒಳ್ಳೆಯವರು."

ಕಡ್ಡಿ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು.

"ನಿಜ ಕಣೆ. ಎಷ್ಟೋ ಜನ ನಮ್ಮನ್ನ ಗೇಟಲ್ಲೇ ನೋಡಿ 'ಮನೆ ಹೋಯ್ತು' ಅಂದುಬಿಡ್ತಾರೆ. ನಿಮ್ಮಪ್ಪ ಒಳಗೆ ಕರೆದು ಎಲ್ಲಾ ರೂಮು ತೋರಿಸಿದ್ರು. ನಾನು ಕಿಟಕಿ ಪಕ್ಕದ ಜಾಗ ಹಿಡಿದಾಯ್ತು."

"ಆ ಮನೇಲಿ ನೀರು ಬರಲ್ವಲ್ಲ," ಎಂದಳು ಕಡ್ಡಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಬರದಿದ್ರೆ ಬಿಡು. ಮೂಲೇಲಿ ಬೀದಿ ನಲ್ಲಿ ಇದೆಯಲ್ಲ, ಹೊತ್ತು ತರ್ತೀವಿ. ಈಗಿರೋ ರೂಮು ಈ ತಿಂಗಳಿಗೆ ಬಿಡಬೇಕು. ಬೇರೆ ಮನೆ ಸಿಗದಿದ್ರೆ ಅಮ್ಮ ಆಸ್ಪತ್ರೆಯ ಹಾಸ್ಟೆಲ್ಲಿಗೆ ಹೋಗ್ತಾಳೆ. ಅಲ್ಲಿ ಮಕ್ಕಳನ್ನ ಸೇರಿಸಲ್ಲ. ಅಪ್ಪ ಲಾರಿಯಲ್ಲೇ ಇರ್ತಾನೆ. ನನ್ನನ್ನ ಚಿಕ್ಕಮ್ಮನ ಊರಿಗೆ ಕಳಿಸ್ತಾರೆ."

"ದೂರನಾ?"

"ಒಂದು ರಾತ್ರಿ, ಒಂದು ಹಗಲು ಟ್ರೈನು." ಸ್ಪ್ರಿಂಗ್ ತನ್ನ ತಲೆಯನ್ನು ಮುಂದೆ ಬಾಗಿಸಿದಳು. "ನೀನೂ ಎಳೀಬೇಕಾ? ನಿನಗೆ ಎರಡು ಸಲ."

"ಬೇಡ," ಎಂದಳು ಕಡ್ಡಿ.

ಅವತ್ತು ಸಂಜೆ ಅಪ್ಪ ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ದಿಟ್ಟಿಸುತ್ತಾ ಕೂತಿದ್ದರು.

"ನೀರಿಲ್ಲದಿದ್ರೂ ಪರವಾಗಿಲ್ಲ, ಮನೆ ಬೇಕು ಅಂತಾರೆ," ಎಂದರು. "ಭಾನುವಾರ ಬರ್ತಾರಂತೆ. ಇಷ್ಟು ವರ್ಷ ಈ ಕೆಲಸ ಮಾಡ್ತಿದೀನಿ, ನೀರಿಲ್ಲದ ಮನೆ ಬೇಕು ಅಂದವರನ್ನ ನೋಡಿಲ್ಲ."

ಅಮ್ಮ ಮೆಡಿಕಲ್ ಶಾಪಿನ ಕೌಂಟರ್ ಕೆಲಸ ಮುಗಿಸಿ ಬಂದು ಕಾಲು ನೀವಿಕೊಳ್ಳುತ್ತಿದ್ದರು. ಕೇಳಿ ನಕ್ಕರು. "ಮುಚ್ಚಿದ್ರಲ್ಲ ವಾಲ್ವು, ಈಗ ಅನುಭವಿಸಿ."

"ನಗಬೇಡ ನೀನು."

ಫೋನ್ ಹೊಡೆದುಕೊಂಡಿತು. ಟೀಚರಮ್ಮ. ಅವರಿಗೆ ಕಿವಿ ಮಂದ, ಮಾತು ಜೋರು. ಸ್ಪೀಕರ್ ಹಾಕದೆಯೂ ಎಲ್ಲ ಕೇಳಿಸುತ್ತಿತ್ತು. ಕಡ್ಡಿಗೆ ಅವರೆಂದರೆ ಇಷ್ಟ. ಹೋದ ವರ್ಷ ತಮ್ಮ ಹಳೆಯ ಗ್ಲೋಬನ್ನು ಕಡ್ಡಿಗೇ ಕೊಟ್ಟಿದ್ದರು. ದೇಶ ದೇಶಗಳ ಮೇಲೆ ಬೆರಳಿಟ್ಟು ಹೆಸರು ಹೇಳಿಸಿದ್ದರು.

"ನೋಡಪ್ಪ, ನನಗೆ ಆ ಜನದ ಮೇಲೆ ದ್ವೇಷ ಇಲ್ಲ. ನನ್ನ ಕ್ಲಾಸಲ್ಲಿ ಅಂಥ ಮಕ್ಕಳು ಎಷ್ಟು ಜನ ಓದಿದಾರೆ. ತಲೆ ಸವರಿ ಪಾಠ ಹೇಳಿಕೊಟ್ಟಿದೀನಿ. ಆದ್ರೆ ಮನೆ ಅನ್ನೋದು ಬೇರೆ ಅಲ್ವಾ. ಒಬ್ಬರು ಬಂದು ಹತ್ತು ಜನ ಸೇರ್ತಾರೆ. ಒಗ್ಗರಣೆ ಹಾಕಿದ್ರೆ ಬೀದಿಗೆಲ್ಲ ವಾಸನೆ. ಕೆಳಗಿನ ಮನೆಯವರು ಖಾಲಿ ಮಾಡ್ತೀವಿ ಅಂತ ಆಗಲೇ ಮುಖ ಗಂಟು ಹಾಕಿದಾರೆ."

"ನೀರಿಲ್ಲ ಅಂದೆ ಮೇಡಂ, ಆದ್ರೂ ಒಪ್ಪಿಬಿಟ್ರು."

"ಅದೆಲ್ಲ ನನಗೆ ಗೊತ್ತಿಲ್ಲ. ನಾನು ಬೇಡ ಅಂದೆ ಅಂತ ಮಾತ್ರ ಎಲ್ಲೂ ಬರಬಾರದು. ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ನನ್ನ ಮನೆಗಳನ್ನೆಲ್ಲ ನೋಡ್ಕೊಳ್ಳೋಕೆ ಆ ಸ್ಕೂಟರ್ ಬ್ರೋಕರ್ ಕಾಯ್ತಾ ಇದಾನೆ."

ಅಪ್ಪ ಫೋನ್ ಇಟ್ಟರು. ಟೀಚರಮ್ಮನ ಮನೆಗಳು ಕೈಬಿಟ್ಟರೆ ಅಪ್ಪನಿಗೆ ಉಳಿಯುವುದು ಚಿಲ್ಲರೆ ಕೆಲಸ. ಅದು ಕಡ್ಡಿಗೂ ಗೊತ್ತಿತ್ತು.

ಅಪ್ಪ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು.

"ಆ ಹುಡುಗಿ ನಿನ್ನ ಸ್ಕೂಲೇ ಅಲ್ವಾ? ಫ್ರೆಂಡಾ?"

"ಗೊತ್ತಿಲ್ಲ."

"ಒಂದು ಕೆಲಸ ಮಾಡು. ಆ ಮನೇಲಿ ಒಬ್ಬಳು ಅಜ್ಜಿ ಸತ್ತಳು, ಈಗಲೂ ಕಿಟಕಿ ಹತ್ರ ಬಂದು ನಿಲ್ಲುತ್ತಾಳೆ ಅಂತ ಹೇಳು. ನೀನೇ ಕಣ್ಣಾರೆ ನೋಡಿದೆ ಅನ್ನು."

"ಯಾವ ಅಜ್ಜಿ?"

"ಯಾವ ಅಜ್ಜಿನೂ ಇಲ್ಲ. ಸುಮ್ನೆ. ನಾನು ಹೇಳಿದ್ರೆ ಬ್ರೋಕರ್ ಮಾತು ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ. ಮಗು ಹೆದರಿದ್ರೆ ತಾಯಿ ಆ ಮನೆಗೆ ಬರ್ತಾಳಾ? ಅವರೇ ಬೇಡ ಅಂತಾರೆ. ಮುಗೀತು."

ಅಮ್ಮ ಕಾಲು ನೀವುವುದನ್ನು ನಿಲ್ಲಿಸಿದರು. "ರೀ, ಮಗಳ ಬಾಯಲ್ಲಿ ಇದನ್ನೆಲ್ಲ ಹೇಳಿಸಬೇಕಾ?"

"ಮತ್ತೇನು ಮಾಡಲಿ, ನೀನೇ ಹೇಳು."

ಅಮ್ಮ ಎದ್ದು ಒಳಗೆ ಹೋದರು.

ಶುಕ್ರವಾರ, ಶನಿವಾರ ಕಡ್ಡಿ ಆಟದ ಪೀರಿಯಡ್ಡಿನಲ್ಲಿ ಕ್ಲಾಸಿನಲ್ಲೇ ಕೂತಳು. ಹೊಟ್ಟೆನೋವು ಎಂದಳು. ಕಿಟಕಿಯಿಂದ ನೋಡಿದರೆ ಸ್ಪ್ರಿಂಗ್ ಕಾಂಪೌಂಡ್ ಗೋಡೆಯ ಬಳಿ ಅತ್ತಿತ್ತ ಯಾರನ್ನೋ ಹುಡುಕುತ್ತಿದ್ದಳು.

"ಹೇಳಿದೆಯಾ?" ಎಂದು ಶನಿವಾರ ಸಂಜೆ ಅಪ್ಪ ಕೇಳಿದರು.

"ಸಿಗಲಿಲ್ಲ."

"ಸರಿ. ನಾಳೆ ನನ್ನ ಜೊತೆ ಬಾ. ಅಲ್ಲೇ ಹೇಳಿದ್ರಾಯ್ತು."

ಭಾನುವಾರ ನರ್ಸ್ ಮತ್ತು ಮಗಳು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಸ್ಪ್ರಿಂಗಿನ ಕೈಯಲ್ಲಿ ಎರಡು ಹೊಸ ಪ್ಲಾಸ್ಟಿಕ್ ಕೊಡಗಳಿದ್ದವು. ಒಂದು ಹಸಿರು, ಒಂದು ಕೆಂಪು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

"ಕೆಂಪು ನಂದು," ಎಂದಳು ಕಡ್ಡಿಗೆ, ಮೆಲ್ಲಗೆ. "ಚಿಕ್ಕದು ಅಂತ ತಗೊಂಡೆ. ಎರಡು ಮಹಡಿ ಹತ್ತಬೇಕಲ್ಲ."

ಖಾಲಿ ಹಾಲ್‌ನಲ್ಲಿ ನಾಲ್ವರೂ ನಿಂತರು. ಕೂರಲು ಏನೂ ಇರಲಿಲ್ಲ. ಅಪ್ಪ ಆಸ್ಪತ್ರೆಯ ಕೆಲಸ ಹೇಗಿದೆ ಎಂದರು, ಬಿಸಿಲು ಜಾಸ್ತಿ ಎಂದರು, ಕೀಲಿ ಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

"ಅಮ್ಮ, ನನ್ನ ಮಾತು ಕೇಳಿ. ಈ ಮನೆ ನಿಮಗೆ ಬೇಡ. ನೀರು ಹೊತ್ತು ಹೊತ್ತು ಸೊಂಟ ಬಿದ್ದುಹೋಗುತ್ತೆ."

"ಹೋದ ತಿಂಗಳು ಬೇರೆ ಮನೆ ತೋರಿಸಿದ ಒಬ್ಬರು ಕರೆಂಟ್ ಸರಿಯಿಲ್ಲ ಎಂದರು," ಎಂದರು ನರ್ಸ್. ರೋಗಿಗೆ ಮಾತ್ರೆಯ ಹೊತ್ತು ಹೇಳುವವರ ಹಾಗೆ, ಏರಿಳಿತವಿಲ್ಲದ ದನಿ. "ಮೇಣದಬತ್ತಿ ಇಟ್ಟುಕೊಳ್ಳುತ್ತೇನೆ ಎಂದೆ. ಇನ್ನೊಬ್ಬರು ಮೆಟ್ಟಿಲು ಗಟ್ಟಿಯಿಲ್ಲ ಎಂದರು. ಮೆಲ್ಲಗೆ ಹತ್ತುತ್ತೇವೆ ಎಂದೆ. ನೀವು ನೀರಿಲ್ಲ ಎಂದಿರಿ. ಕೊಡ ತಂದಿದ್ದೇನೆ. ಈ ಮನೆಯಲ್ಲಿ ಇನ್ನೂ ಏನೇನು ಇಲ್ಲ, ಅದನ್ನೂ ಹೇಳಿ ಅಣ್ಣ. ಅದಕ್ಕೂ ಸರಿ ಎನ್ನುತ್ತೇನೆ."

ಅಪ್ಪನ ಕೈಯಲ್ಲಿ ಕೀಲಿಗಳ ಸದ್ದು ನಿಂತಿತು.

ಕಡ್ಡಿ ನರ್ಸಿನ ಮುಖ ನೋಡಿದಳು. ಇವರು ನಂಬಿರಲಿಲ್ಲ. ಮೊದಲ ದಿನವೇ ನಂಬಿರಲಿಲ್ಲ. ಆದರೂ ಉಪಕಾರವಾಯಿತು ಎಂದಿದ್ದರು. ಕರೆಂಟ್ ಇಲ್ಲದ ಆ ಮನೆಯಲ್ಲಿ ಯಾರೋ ಹೋಗಿ ಫ್ಯೂಸ್ ಕಿತ್ತಿರಬೇಕು. ಅದೂ ಯಾರ ಮನೆಯ ಮಗುವೋ ಏನೋ. ಕಿತ್ತು, ಕಾಣದ ಹಾಗೆ ಎಲ್ಲೋ ನಿಂತು, ಇವರು ಹೋಗುವುದನ್ನೇ ಕಾದಿರಬೇಕು.

ಸ್ಪ್ರಿಂಗ್‌ಗೆ ಮಾತ್ರ ಇನ್ನೂ ಗೊತ್ತಿರಲಿಲ್ಲ. ಅವಳು ಕೊಡಗಳನ್ನು ಕಿಟಕಿಯ ಕೆಳಗೆ ಒಂದರ ಪಕ್ಕ ಒಂದು ಇಟ್ಟು, ಸರಿಯಾಗಿ ಕಾಣುತ್ತದೆಯೇ ಎಂದು ಹಿಂದೆ ಸರಿದು ನೋಡುತ್ತಿದ್ದಳು.

ಅಪ್ಪ ಗಂಟಲು ಸರಿಮಾಡಿಕೊಂಡರು. "ಅದು ಹಾಗಲ್ಲಮ್ಮ. ಇನ್ನೊಂದು ವಿಷಯ ಇದೆ. ದೊಡ್ಡವರು ಹೇಳಿದ್ರೆ ಚೆನ್ನಾಗಿರಲ್ಲ. ನಮ್ಮ ಹುಡುಗಿ ಕಣ್ಣಾರೆ ನೋಡಿದಾಳೆ. ಹೇಳು ಕಡ್ಡಿ."

ಮೂವರೂ ಅವಳತ್ತ ತಿರುಗಿದರು.

"ನಾನೇನೂ ನೋಡಿಲ್ಲ," ಎಂದಳು ಕಡ್ಡಿ.

ಅಪ್ಪ ನಕ್ಕರು. "ನಾಚಿಕೆ ಅವಳಿಗೆ. ಕಿಟಕಿ ಹತ್ರ ನೋಡಿದೆಯಲ್ಲ ಪುಟ್ಟ, ಆ ಅಜ್ಜಿ."

ಸ್ಪ್ರಿಂಗ್ ಕಿಟಕಿಯ ಕಡೆ ನೋಡಿದಳು. "ಯಾವ ಅಜ್ಜಿ?"

"ಯಾವ ಅಜ್ಜಿನೂ ಇಲ್ಲ ಕಣೆ," ಎಂದಳು ಕಡ್ಡಿ.

ಅಪ್ಪನ ಕೈ ಅವಳ ಹೆಗಲ ಮೇಲೆ ಬಂತು. ಹೊಡೆಯುವ ಕೈಯಲ್ಲ, ಜಾತ್ರೆಯಂಥ ಗದ್ದಲದಲ್ಲಿ ರಸ್ತೆ ದಾಟಿಸುವ ಕೈ. ಅವರು ಬಾಗಿ ಅವಳ ಕಿವಿಯಲ್ಲಿ ಹೇಳಿದರು. "ಟೀಚರಮ್ಮನ ಮನೆಗಳೆಲ್ಲ ಕೈಬಿಟ್ಟು ಹೋಗ್ತವೆ ಪುಟ್ಟ. ನಿನ್ನ ಸ್ಕೂಲು, ನಮ್ಮ ಊಟ, ಎಲ್ಲ ಅದರಲ್ಲೇ ಇರೋದು. ಒಂದೇ ಒಂದು ಮಾತು. ಹೇಳಿಬಿಡು."

"ಗೊತ್ತಪ್ಪ," ಎಂದಳು ಕಡ್ಡಿ. ಅವಳು ಪಿಸುಗುಟ್ಟಲಿಲ್ಲ. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು. "ಆದ್ರೂ ಹೇಳಲ್ಲ."