ಬೆಂಡಿನ ಪಕ್ಕದ ಮೀಟರು

ಮೀಟರು ಮಾರಲು ಬಂದ ಆ ಮನುಷ್ಯನ ಮೇಲೆ ನನಗೆ ಬಂದಷ್ಟು ಸಿಟ್ಟು ಹುಟ್ಟಿದಾಗಿನಿಂದ ಯಾರ ಮೇಲೂ ಬಂದಿಲ್ಲ.

ನಮ್ಮದು ಕಾಗದದ ಕಾರ್ಖಾನೆ. ಪೈಪುಗಳಲ್ಲಿ ಎಷ್ಟು ನೀರು ಹರಿಯಿತೆಂದು ಅಳೆಯುವ ಮೀಟರುಗಳೆಲ್ಲ ನನ್ನ ಜವಾಬ್ದಾರಿ. ಹಳೆಯವುಗಳಲ್ಲಿ ಒಳಗೊಂದು ಚಕ್ರ ತಿರುಗುತ್ತದೆ, ತಿಂಗಳಿಗೊಮ್ಮೆ ಕಸ ಸಿಕ್ಕಿಕೊಂಡು ಮುಷ್ಕರ ಹೂಡುತ್ತದೆ. ಅದಕ್ಕೇ ಹೊಸ ನಮೂನೆಯ ಒಂದನ್ನು ತಿಂಗಳ ಮಟ್ಟಿಗೆ ಪರೀಕ್ಷೆಗೆ ತರಿಸಿದೆವು. ಅದರ ಜೊತೆ ಇವನೂ ಬಂದ.

ಮೊದಲ ದಿನವೇ ಲ್ಯಾಪ್‌ಟಾಪ್ ತೆರೆದು ಒಂದು ಗಂಟೆ ಕೊರೆದ. ಮಾರುಕಟ್ಟೆ ಹೇಗೆ ಬೆಳೆಯುತ್ತಿದೆ, ಚಕ್ರದ ಕಾಲ ಹೇಗೆ ಮುಗಿಯುತ್ತಿದೆ, ಪೈಪು ಕೊಯ್ಯದೆ ಹೊರಗಿನಿಂದಲೇ ಶಬ್ದದ ಅಲೆ ಕಳಿಸಿ ಅಳೆಯುವ ಮೀಟರು ಹೇಗೆ ಎಲ್ಲ ಕಡೆ ಬರುತ್ತಿದೆ.

"ಇನ್ಮೇಲೆ ಮೀಟರೇ ನಿಮ್ಮ ಕಂಪ್ಯೂಟರಿಗೆ ರೀಡಿಂಗ್ ಕಳಿಸುತ್ತೆ ಮೇಡಂ. ಕೆಟ್ರೆ ಅದೇ ಹೇಳುತ್ತೆ. ಯಾರೂ ಬಂದು ನೋಡೋ ಅಗತ್ಯವೇ ಇಲ್ಲ."

ಇಷ್ಟು ಹೇಳಿ ನನ್ನ ಮುಖ ನೋಡಿದ. ಯಾಕೋ ಅವನ ಮುಖವೇ ಸಪ್ಪಗಾಯಿತು.

"ಒಂದು ನೆನಪಿರಲಿ. ಪೈಪ್ ಬಾಗೋ ಕಡೆ, ಆ ಬೆಂಡ್ ದಾಟಿದ ನೀರು ಸುಳಿ ಸುತ್ತುತ್ತೆ. ಪೈಪಿನ ಅಗಲದ ಹತ್ತು ಪಟ್ಟು ನೇರ ಜಾಗ ಬಿಟ್ಟೇ ಮೀಟರ್ ಕಟ್ಟಬೇಕು."

ಇದನ್ನು ಎಷ್ಟು ಸಲ ಹೇಳಿದನೆಂದರೆ, ಪಂಪ್ ರೂಮಿನವರು ಅವನಿಗೆ 'ಹತ್ತುಪಟ್ಟು' ಎಂದೇ ಹೆಸರಿಟ್ಟರು.

ಆದರೆ ರೀಡಿಂಗ್ ಸರಿ ಬರಲೇ ಇಲ್ಲ. ಹತ್ತುಪಟ್ಟು ದಿನವೂ ಬಂದ. ನನ್ನ ಕಿಟಕಿಯೆದುರಿನ ಪೈಪಿನ ಬಳಿ ನಿಂತು ಮೀಟರು ಕಟ್ಟುವ ಪಟ್ಟಿ ಬಿಗಿದ, ಸಡಿಲಿಸಿದ, ಅಲೆ ಚೆನ್ನಾಗಿ ದಾಟಲೆಂದು ಅಂಟಂಟು ಜೆಲ್ ಹಚ್ಚಿದ. ನಾನು ತಲೆಯೆತ್ತಿದರೆ ಪೈಪು ನೋಡುತ್ತಿದ್ದ. ತಲೆ ತಗ್ಗಿಸಿದರೆ ನನ್ನನ್ನೇ. ಒಮ್ಮೆ ಇಬ್ಬರ ಕಣ್ಣೂ ಕೂಡಿದಾಗ ಜೆಲ್ಲಿನ ಬೆರಳಿನಿಂದಲೇ ಕೂದಲು ಸರಿಮಾಡಿಕೊಂಡು, ಸಂಜೆಯವರೆಗೂ ಹಾಗೇ ಓಡಾಡಿದ.

ಮನೆಯಲ್ಲಿ ಅಕ್ಕ ನಗುತ್ತಿದ್ದಳು. "ದಿನಾ ಅವನಿಗೆ ಬೈತೀಯ. ದಿನಾ ಅವನ ಸುದ್ದಿನೇ ಹೇಳ್ತೀಯ."

ಸುಳ್ಳೇನಲ್ಲ. ಅವನು ಬಾರದ ಒಂದು ಮಂಗಳವಾರ ನನಗೆ ಕೆಲಸವೇ ಓಡಿರಲಿಲ್ಲ.

ಕೊನೆಯ ಶುಕ್ರವಾರ ಮ್ಯಾನೇಜರ್ ಹೇಳಿದರು, "ನಾಲ್ಕು ಗಂಟೆಗೆ ರಿಪೋರ್ಟ್ ಕೊಡಮ್ಮ. ಸರಿಯಿಲ್ಲ ಅಂದ್ರೆ ವಾಪಸ್ ಕಳಿಸೋಣ."

ಮೀಟರು ಹೋದರೆ ಅವನೂ ಹೋಗುತ್ತಾನೆ. ಫೈಲು ತೆರೆದೆ. 'ಬೆಂಡಿನಿಂದ ದೂರ' ಎಂಬ ಕಾಲಂ ಖಾಲಿ ಇತ್ತು. ಟೇಪು ಹಿಡಿದು ಹೋಗಿ ನೋಡಿದರೆ, ಮೀಟರು ಬೆಂಡಿಗೆ ಅಂಟಿಕೊಂಡೇ ಕೂತಿದೆ. ಆ ಬೆಂಡೇನೂ ಅಡಗಿ ಕೂತಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಅದರ ಪಕ್ಕದಲ್ಲೇ ಓಡಾಡಿದ್ದೆ. ನನ್ನ ಕಣ್ಣು ಎಲ್ಲಿತ್ತೋ, ಅಕ್ಕನನ್ನೇ ಕೇಳಬೇಕು.

"ಹತ್ತು ಪಟ್ಟು ಜಾಗ ಎಲ್ರೀ?" ಎಂದು ಅವನನ್ನು ಕೇಳಿದೆ.

ಅವನು ಬೆರಳು ತೋರಿಸಿದ. "ಆ ಟ್ಯಾಂಕಿನ ಹಿಂದೆ ಆಗುತ್ತೆ ಮೇಡಂ."

"ಮತ್ತೆ ಅಲ್ಲಿ ಕಟ್ಟೋಕೇನು ರೋಗ?"

"ಅಲ್ಲಿಂದ ನಿಮ್ಮ ಕಿಟಕಿ ಕಾಣಲ್ಲ."

ಪಂಪು ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಖುಷಿಯೂ ಆಯಿತು, ಅದಕ್ಕೆ ಇನ್ನಷ್ಟು ಉರಿಯಿತು.

"ಆರ್ಡರ್ ಕೈತಪ್ಪಿ ಹೋಗ್ತಿತ್ತಲ್ರೀ. ಬುದ್ಧಿ ಎಲ್ಲಿಟ್ಟಿದ್ರಿ?"

"ಸರಿಯಾಗಿ ಕಟ್ಟಿದ್ರೆ ಮೊದಲ ದಿನವೇ ಕೆಲಸ ಮುಗೀತಿತ್ತು. ಆಮೇಲೆ ರೀಡಿಂಗ್ ಎಲ್ಲ ಮೀಟರೇ ಕಳಿಸುತ್ತೆ. ನಾನು ಯಾವ ನೆಪ ಹೇಳ್ಕೊಂಡು ಬರ್ಲಿ?"

"ಬಾಯಿಬಿಟ್ಟು ಒಂದು ಮಾತು ಹೇಳಬಹುದಿತ್ತು."

"ಮಾರ್ಕೆಟ್ ವಿಷಯ ಆದ್ರೆ ಮಾತು ಬರುತ್ತೆ," ಎಂದು ತಲೆ ತಗ್ಗಿಸಿದ.

"ಟೇಪ್ ಹಿಡೀರಿ," ಎಂದೆ.

ನಾನು ಬೆಂಡಿನ ಬಳಿ ನಿಂತೆ. ಅವನು ಟೇಪಿನ ತುದಿ ಹಿಡಿದು ಟ್ಯಾಂಕಿನ ಹಿಂದೆ ಹೋದ. ಸರಿಯಾಗಿ ಮೂರು ಮೀಟರು ದೂರ, ಪೈಪಿನ ಅಗಲದ ಹತ್ತು ಪಟ್ಟು. ಇಬ್ಬರೂ ಸೇರಿ ಮೀಟರನ್ನು ಅಲ್ಲಿಗೆ ಕಟ್ಟಿದೆವು. ಅರ್ಧ ಗಂಟೆಯಲ್ಲಿ ರೀಡಿಂಗ್ ಸರಿಬಂತು. ಮತ್ತೆ ಮೊದಲಿನಂತೆ ನಿಂತು ದೂರ ಇನ್ನೊಮ್ಮೆ ಅಳೆದು, ಖಾಲಿ ಕಾಲಂ ತುಂಬಿ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ 'ತೃಪ್ತಿಕರ' ಎಂದು ಬರೆದು ಸಹಿ ಹಾಕಿದೆ.

ಅವನು ಇನ್ನೂ ಟೇಪಿನ ತುದಿ ಹಿಡಿದು ಅಲ್ಲೇ ನಿಂತಿದ್ದ.

"ಹಾಗಾದ್ರೆ ನಂಗಿಲ್ಲಿ ಇನ್ನು ಕೆಲಸ ಇಲ್ಲ," ಎಂದ.

"ಇಲ್ಲ."

"ಕೆಲಸ ಇಲ್ಲದಿದ್ರೂ ಬರ್ಬೇಕು ಅನ್ಸುತ್ತೆ. ನೀವಂದ್ರೆ ನಂಗೆ ತುಂಬಾ ಇಷ್ಟ."

ಮೂರು ಮೀಟರು ದೂರದಿಂದ, ಪಂಪಿನ ಸದ್ದಿನಲ್ಲಿ, ಕೂಗಿ ಹೇಳಿದ. ಕೊನೆಗೂ ಹೇಳಿದ.

"ಭಾನುವಾರ ಮನೆಗೆ ಬನ್ನಿ. ಅಕ್ಕ ನಿಮ್ಮನ್ನ ನೋಡ್ಬೇಕಂತೆ. ಲ್ಯಾಪ್‌ಟಾಪ್ ತಂದ್ರೆ ಮಾತ್ರ ಬಾಗಿಲು ತೆಗೆಯಲ್ಲ."

ಅವನು ನಕ್ಕ. ಟೇಪಿನ ಗುಂಡಿ ಒತ್ತಿದೆ. ಅದು ಸರ್ರನೆ ಒಳಗೆ ಸುತ್ತಿಕೊಳ್ಳತೊಡಗಿತು. ತುದಿ ಬಿಡದೆ ಅವನೂ ಅದರ ಜೊತೆಗೇ ನಡೆದು ಬಂದ.