ಮಣಿಕಟ್ಟು ಕೇಳಿದ ಪ್ರಶ್ನೆ

“ನಿನ್ನೆ ಮಧ್ಯಾಹ್ನದ ಊಟದ ಬಳಿಕ ಕರುಳಿನ ಕೆರಳಿಕೆ ಶೇಕಡಾ ಎರಡು. ರೋಗಿ ಗುಣಮುಖ.”

ಕಸ್ತೂರಿ ಹೂಗಾರಳ ಮಣಿಕಟ್ಟಿನ ಪಟ್ಟಿ ವಿಚಾರಣೆಯ ಕೊಠಡಿಗೆಲ್ಲ ಕೇಳುವಂತೆ ನುಡಿಯಿತು. ಅವಳು ಮಾತ್ರ ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಹಿಡಿದು ಕೂತಿದ್ದಳು.

ಹುಬ್ಬಳ್ಳಿಯಲ್ಲಿ ಟ್ರಾಮ್ ಓಡಿಸುವ ಅವಳಿಗೆ ಹದಿನಾಲ್ಕು ವರ್ಷಗಳಿಂದ ದೊಡ್ಡಕರುಳಿನ ಉರಿಯೂತ. ಸಾಸಿವೆಗಾತ್ರದ ಸಂವೇದಕವೊಂದು ಕರುಳಿನ ಗೋಡೆಗೆ ಅಂಟಿ ಕೂತು, ಉಂಡ ಮೇಲೆ ಕರುಳು ಎಷ್ಟು ಕೆರಳಿತೆಂದು ಅಳೆದು ಪಟ್ಟಿಗೆ ತಿಳಿಸುತ್ತಿತ್ತು. 2061ರಲ್ಲಿ ಅದರ ಮಾತೇ ಕಾನೂನು. ರೋಗವಿದೆಯೆಂದರೆ ಯಾವ ನಿಲ್ದಾಣದಲ್ಲಾದರೂ ಗಾಡಿ ನಿಲ್ಲಿಸಿ ಶೌಚಾಲಯಕ್ಕೆ ಓಡುವ ಹಕ್ಕು. ಗುಣವಾಗಿದೆಯೆಂದರೆ ಮೂರು ಗಂಟೆ ಕುರ್ಚಿ ಬಿಟ್ಟು ಏಳುವಂತಿಲ್ಲ. ತೊಂಬತ್ತು ದಿನಗಳ ಶಾಂತಿಯ ಬಳಿಕ ಯಂತ್ರ ಅವಳ ಹಕ್ಕನ್ನು ರದ್ದುಪಡಿಸಿತ್ತು. ಅದನ್ನು ಮರಳಿ ಕೇಳಲೆಂದೇ ಈ ವಿಚಾರಣೆ. ಮರಳದಿದ್ದರೆ ಕೆಲಸ ಬಿಡುವುದೊಂದೇ ದಾರಿ.

“ನಮಗೇನ್ ಹೊಟ್ಟಿ ಇಲ್ಲೇನವಾ?” ಎಂದ ಡಿಪೋ ಅಧಿಕಾರಿ ಬಳಿಗಾರ. “ಮಷೀನು ಸುಳ್ಳು, ನೀ ಒಬ್ಬಾಕಿ ಖರೆ?”

“ಒಂದಿನ ನನ್ನ ಕುರ್ಚಿಮ್ಯಾಲ ಕುಂದ್ರಿ ಸಾಹೇಬ್ರ. ತಿಳೀತದ.”

ಸಂವೇದಕವನ್ನು ರೂಪಿಸಿದ ಡಾ. ಫರೀದಾ ಇನಾಮದಾರ ಎದುರುಪಕ್ಷದ ಸಾಕ್ಷಿಯಾಗಿ ಬಂದಿದ್ದರು. ಕಡತದಿಂದ ಕಣ್ಣೆತ್ತದೆ ಹೇಳಿದರು: “ಹತ್ತು ಸಾವಿರ ರೋಗಿಗಳ ಮೇಲೆ ಪರೀಕ್ಷಿಸಿದ್ದೇವೆ. ಇದು ತಪ್ಪುವುದಿಲ್ಲ.”

ಆಗ ಗಡಿಯಾರ ಒಂದು ಹೊಡೆಯಿತು. ಪಟ್ಟಿ ಎಂದಿನಂತೆ ಕೇಳಿತು: “ಊಟ ಆಯಿತೇ?”

“ಆತ್ರಿ,” ಎಂದಳು ಕಸ್ತೂರಿ, ಯೋಚಿಸದೆ.

ಫರೀದಾರ ಪೆನ್ನು ನಿಂತಿತು. “ಬೆಳಗ್ಗೆಯಿಂದ ಇಲ್ಲೇ ಇದ್ದೀರಿ. ಯಾವಾಗ ಉಂಡಿರಿ?”

ಕಸ್ತೂರಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಉಂಡಿಲ್ರಿ. ಮಧ್ಯಾಹ್ನ ಉಣ್ಣೂದ ಬಿಟ್ಟೀನ್ರಿ, ರಾತ್ರಿ ಮನ್ಯಾಗಷ್ಟ. ಉಂಡ್ರ ಓಡಬೇಕಾಗ್ತದ.”

“ಮತ್ತೆ ಆಯಿತು ಅಂದಿರಲ್ಲ?”

“ಊಟ ಆತೇನು ಅಂತ ಕೇಳಿದ್ರ ಯಾರರೆ ಇಲ್ಲ ಅಂತಾರೇನ್ರಿ?”

ದೊಡ್ಡಕರುಳಿನಲ್ಲಿ ಕೂತ ಸಂವೇದಕಕ್ಕೆ ಜಠರ ಕಾಣದು. ಅದಕ್ಕಾಗಿಯೇ ದಿನಾ ಮಧ್ಯಾಹ್ನ ಆ ಪ್ರಶ್ನೆ; ‘ಆಯಿತು’ ಎಂದರೆ ಅಳತೆ ಶುರು. ಬರಿಹೊಟ್ಟೆಯ ಮೌನವನ್ನು ಅದು ಆರೋಗ್ಯವೆಂದು ಬರೆದುಕೊಂಡಿತ್ತು. “ಹತ್ತು ಸಾವಿರ,” ಎಂದು ಫರೀದಾ ತಮ್ಮಷ್ಟಕ್ಕೇ ಗೊಣಗಿದರು. ಅವರಲ್ಲಿ ಎಷ್ಟು ಜನ ಹೀಗೆಯೇ ‘ಆಯಿತು’ ಎಂದಿದ್ದರೋ.

ಬಳಿಗಾರ ಸೋಲೊಪ್ಪಲಿಲ್ಲ. “ಅಂದ್ರ ತೊಂಬತ್ತು ದಿನ ಸುಳ್ಳು ಹೇಳಿದಂಗಾತು. ಈಗ ನಮ್ಮ ಎದುರಿಗೇ ಉಣ್ಣಲಿ, ನೋಡೂಣು.”

ರೊಟ್ಟಿ, ಬದನೆಯ ಎಣಗಾಯಿ ಬಂದವು. ಕಸ್ತೂರಿ ಬಾಗಿಲನ್ನು ನೋಡಿದಳು. ಶೌಚಾಲಯಕ್ಕೆ ಹದಿನೇಳು ಹೆಜ್ಜೆ, ಬರುವಾಗಲೇ ಎಣಿಸಿದ್ದಳು. ಇಬ್ಬರ ಕಣ್ಣೆದುರು, ಕದ್ದು ಉಣ್ಣುವವಳಂತೆ ತಲೆತಗ್ಗಿಸಿ, ಒಂದು ಚೂರೂ ಬಿಡದೆ ಉಂಡಳು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅವಳು ಕುರ್ಚಿಯ ಅಂಚಿಗೆ ಸರಿದಿದ್ದಳು. ಹಣೆಯಲ್ಲಿ ಬೆವರೊಡೆಯಿತು.

“ಅಂಕಿ ಬರೂತನಕ ಏಳಬ್ಯಾಡ,” ಎಂದ ಬಳಿಗಾರ.

ಅವಳು ಪಟ್ಟಿಯನ್ನು ಬಿಚ್ಚಿ ಅವನ ಮುಂದಿಟ್ಟಳು. “ಅದು ಹೇಳ್ತದ, ನೀವ ಕೇಳ್ರಿ. ನನಗ ಪುರುಸೊತ್ತಿಲ್ಲ.”

ಮೊಗಸಾಲೆಯಲ್ಲಿ ಎದುರಾದ ಸಿಪಾಯಿ, ಮುಖವನ್ನೂ ನೋಡದೆ, ವಾಡಿಕೆಯಂತೆ ಕೇಳಿದ: “ಅಕ್ಕಾರ, ಊಟ ಆತೇನ್ರಿ?”

“ಆತಪಾ,” ಎಂದಳು ಓಡುತ್ತಲೇ. ಎಷ್ಟೋ ತಿಂಗಳ ಬಳಿಕ ಆ ಮಾತು ನಿಜವಾಗಿತ್ತು. ಕೇಳಿದವನು ಉತ್ತರಕ್ಕೆ ಕಾಯದೆ ಆಗಲೇ ಮುಂದೆ ಹೋಗಿದ್ದ.