ತಾಳಬೆಟ್ಟದಿಂದ ವಾಪಸ್

“ಎಲ್ಲಿಗೆ ಓಗ್ಬೇಕ್ರೀ?”

“ಎಲ್ಲಿಗಾದ್ರೂ...”

ತಿ. ನರಸೀಪುರದ ಸಂಗಮದಲ್ಲಿ ಅಮ್ಮನ ಬೂದಿ ಬಿಟ್ಟು ಬಂದ ಶಿವರಂಜನಿ ಒದ್ದೆ ಸೀರೆಯಲ್ಲೇ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಳು ಬಂದಿರಲಿಲ್ಲ. ಏನೂ ಬಂದಿರಲಿಲ್ಲ.

ಡ್ರೈವರ್ ರಾಜೇಂದ್ರ ಕವಲಂದೆಯವನು. ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ ಮುಡುಕುತೊರೆ ಬೆಟ್ಟಕ್ಕೆ ಗಾಡಿ ಬಿಟ್ಟ. ಮೇಲೆ ನಿಂತು, ಕೆಳಗೆ ಕಾವೇರಿ ತಿರುಗುವ ಕಡೆ ಕೈ ತೋರಿಸಿದ.

“ಬೇಜಾರಾದಾಗ ನಾನು ಇಲ್ಲೇ ಬಂದು ಕೂತ್ಕಳದು. ಚಳಿ ಆಯ್ತದಾ?”

“ಇಲ್ಲ.”

ಆಮೇಲೆ ರಜೆ ಬಂದಾಗಲೆಲ್ಲ ಅವನು ಕರೆದ, ಅವಳು ಹೋದಳು. ಬಿಳಿಗಿರಿರಂಗನ ಬೆಟ್ಟದಲ್ಲಿ ಗಾಳಿ ಮುಖಕ್ಕೆ ಹೊಡೆಯುವ ಬಂಡೆ. ಗೋಪಾಲಸ್ವಾಮಿ ಬೆಟ್ಟದ ಮಂಜು. ಎಲ್ಲ ಅವನ ಮೆಚ್ಚಿನ ಜಾಗಗಳು. ಪ್ರತಿ ಸಲವೂ ಅವನದು ಅದೇ ‘ಚಳಿ ಆಯ್ತದಾ?’ ಮಂಜಿಗೆ ಕೈ ಮರಗಟ್ಟಿದರೂ ಅವಳದು ಅದೇ ‘ಇಲ್ಲ’.

ಮಾದಪ್ಪನ ಬೆಟ್ಟಕ್ಕೆ ಮಾತ್ರ ಅವನು ಕರೆದುಕೊಂಡು ಹೋಗಲಿಲ್ಲ. ಅವಳೇ ಕೇಳಿದಾಗ ಬುಡದ ತಾಳಬೆಟ್ಟದವರೆಗೆ ಬಂದು, ಟೀ ಕುಡಿಸಿ, ಗಾಡಿ ತಿರುಗಿಸಿದ.

“ಮ್ಯಾಲಕ್ಕೆ ಬ್ಯಾಡ.”

“ಅಲ್ಲಿ ಅವನ ನೆಂಟ್ರು ಸಿಕ್ತಾರೆ ಕಣವ್ವ. ತಿರುಗಾಡಕ್ಕೆ ನೀನು ಸಾಕು, ತಾಳಿಗಲ್ಲ!” ಅಂದಳು ಇದನ್ನು ಕೇಳಿದ ಸೋದರತ್ತೆ ಚನ್ನಾಜಮ್ಮ. ನಂಜನಗೂಡಿನ ಒಂದು ಗಂಡನ್ನೂ ಗೊತ್ತು ಮಾಡಿದಳು.

ಶಿವರಂಜನಿ ‘ಹ್ಞೂಂ’ ಅಂದಳು. ನೋವಾಗಬೇಕಿತ್ತು. ಆಗಲಿಲ್ಲ.

ಕೊನೆಯ ಸಲ ಎಂದುಕೊಂಡು, ಮತ್ತೆ ತಾಳಬೆಟ್ಟಕ್ಕೇ ಹೋಗೋಣ ಎಂದು ರಾಜೇಂದ್ರನಿಗೆ ಹೇಳಿದಳು. ಅಲ್ಲಿ ಟೀ ಕುಡಿಯುವಾಗ ಅಂದಳು:

“ನಾಳೆ ನಂಗೆ ನಿಶ್ಚಯ.”

ಅವನ ಕೈಲಿದ್ದ ಟೀ ಲೋಟ ಅರ್ಧದಲ್ಲೇ ನಿಂತಿತು.

“...ಗಂಡು ಎಂಗವ್ನೆ?”

“ನೆಂಟ್ರಿಗೆ ಹೆದರೋನಲ್ಲ.”

“ಯಾವ ನೆಂಟ್ರು? ನಮ್ಮನೇಲಿ ಒಂದು ಕಟ್ಲೆ ಐತೆ ಕಣ್ರೀ. ಕಟ್ಕಳೋ ಎಣ್ಣಿನ ಜೊತೆ ಮಾದಪ್ಪನ ಬೆಟ್ಟ ಅತ್ತೋದು ತಾಳಿ ಕಟ್ಟಿದ ಮ್ಯಾಲೇನೇ. ಎಲ್ಲಾನೂ ತೋರಿಸ್ಬುಟ್ಟು ಅದೊಂದನ್ನ ಎತ್ತಿಟ್ಟಿದ್ದೆ.”

“ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ಅವ್ವನ ಬೂದಿ ಬುಟ್ಟು ಬಂದೋರ್ನ ಮದ್ವೆ ಆಯ್ತೀರಾ ಅಂತ ಎಂಗ್ರೀ ಕೇಳ್ಲಿ?”

ಅವಳು ಬೆಟ್ಟದ ದಾರಿಯನ್ನೇ ನೋಡುತ್ತ ನಿಂತಳು. ಆಮೇಲೆ ಫೋನ್ ತೆಗೆದಳು.

“ಅತ್ತೆ, ನಾಳೆ ಅವ್ರು ಬರೋದು ಬೇಡ.”

ಆ ಕಡೆಯ ಬೈಗುಳ ಅವನಿಗೂ ಕೇಳಿಸುತ್ತಿತ್ತು. ಅವಳು ಕಟ್ ಮಾಡಿದಳು.

“ರಾಜೇಂದ್ರ... ಚಳಿ ಆಗ್ತಿದೆ.”

“ಉರಿಬಿಸಿಲು ಕಣ್ರೀ!”

“ಆದ್ರೂ.”

ಅವನು ಮುಂದಿನ ಸೀಟಿನ ಬಾಗಿಲು ತೆಗೆದ. ಅವಳು ಕೂತ ಮೇಲೆ ಕಿಟಕಿಯ ಗಾಜು ಏರಿಸಿದ.

“ಇವತ್ತೂ ಇಲ್ಲಿಂದ್ಲೇ ವಾಪಸ್ಸು.”

“ಗೊತ್ತು,” ಅಂದಳು. “ನಡಿ.”